ತೆರಲಾಗದ ದಂಡ

ಕನ್ನಡದಲ್ಲಿ ‘ದಂಡ’ವೆಂಬ ಶಬ್ದ ಬಹು ವಿಚಿತ್ರವಾದುದು. ಸಂಸ್ಕೃತದಿಂದ ಬಂದ ಈ ಶಬ್ದಕ್ಕೆ ಕೋಲೆಂಬುದು ಮೂಲಾರ್ಥ. ಕೋಲು ಹಿಡಿದವನ ಅಧಿಕಾರ, ಆ ಅಧಿಕಾರದಿಂದ ವಿಧಿಸುವ ಶಿಕ್ಷೆ, ಶಿಕ್ಷೆಯ ರೂಪದಲ್ಲಿ ತೆರಬೇಕಾದ ಹಣ ಇವೆಲ್ಲ ಅದರಿಂದ ಕವಲೊಡೆದ ಅರ್ಥಗಳು. ಇಷ್ಟರವರೆಗೆ ಸಂಸ್ಕೃತಕ್ಕೂ ಕನ್ನಡಕ್ಕೂ ಭೇದವಿಲ್ಲ. ಆದರೆ ಕನ್ನಡಿಗನು ಇದಕ್ಕೆ ತನ್ನದೇ ಆದ ಮತ್ತೊಂದು ಅರ್ಥವನ್ನು ಸೇರಿಸಿಕೊಂಡಿದ್ದಾನೆ. ಬಿತ್ತಿದ ಬೀಜ ಮೊಳೆಯದಿದ್ದರೆ ‘ಬೀಜವೆಲ್ಲ ದಂಡವಾಯಿತು’ ಎನ್ನುತ್ತಾನೆ. ಹೋದ ಕೆಲಸವಾಗದೆ ಊರಿಗೆ ಮರಳಿದರೆ ‘ಬಸ್ಸಿನ ಖರ್ಚು ದಂಡ’ ಎನ್ನುತ್ತಾನೆ. ಶಿಕ್ಷೆಯ ಹೆಸರೇ ವ್ಯರ್ಥತೆಯ ಹೆಸರೂ ಆಗಿಬಿಟ್ಟಿದೆ. ಶಿಕ್ಷೆಯು ಯಾವ ಹಂತವನ್ನು ಮೀರಿದಾಗ ವ್ಯರ್ಥವಾಗುತ್ತದೆಂಬ ಪ್ರಶ್ನೆಯನ್ನು ಈಚಿನ ಕೆಲವು ವಿದ್ಯಮಾನಗಳ ಬೆಳಕಿನಲ್ಲಿ ವಿಚಾರಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

2024ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ರಷ್ಯಾ ದೇಶದಿಂದ ಬಂದ ಒಂದು ವಾರ್ತೆಯು ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿಯೂ ಪ್ರಕಟವಾಯಿತು. ಗೂಗಲ್ ಎಂಬ ಅಮೆರಿಕದ ಕಂಪನಿಯು ಅಲ್ಲಿಯ ದೂರದರ್ಶನ ವಾಹಿನಿಗಳಿಗೆ ತೆರಬೇಕಾದ ದಂಡವು ಎರಡರ ಮುಂದೆ ಮೂವತ್ತಾರು ಸೊನ್ನೆಗಳಷ್ಟು ರೂಬಲ್ ಆಗಿದೆಯೆಂಬುದೇ ಆ ವಾರ್ತೆ. ಕೋಟಿಯನ್ನು ಐದು ಸಲ ಬರೆದು ಒಂದಕ್ಕೊಂದನ್ನು ಗುಣಿಸಿ, ಬಂದುದನ್ನು ಮತ್ತೆ ಇಪ್ಪತ್ತರಿಂದ ಗುಣಿಸಿದರೆ ಈ ಸಂಖ್ಯೆ ಸಿಗುತ್ತದೆ. ಇಡೀ ಜಗತ್ತಿನ ಜನರೆಲ್ಲರ ಒಂದು ವರ್ಷದ ದುಡಿಮೆಯ ಬೆಲೆ ಸುಮಾರು 100 ಲಕ್ಷ ಕೋಟಿ ಡಾಲರುಗಳೆಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಆ ದುಡಿಮೆಯನ್ನೆಲ್ಲ ಒಂದು ಪೈಸೆಯೂ ಉಣ್ಣದೆ ಉಡದೆ ಈ ದಂಡಕ್ಕೇ ಕಟ್ಟುತ್ತ ಹೋದರೆ, ಸೃಷ್ಟಿಯಾರಂಭದಿಂದ ಇಂದಿನವರೆಗಿನ ಕಾಲದ ಕೋಟ್ಯಂತರ ಪಟ್ಟು ಕಾಲ ಕಟ್ಟಬೇಕಾಗುತ್ತದೆ. ನಮ್ಮ ನಾಡಿನಲ್ಲಿ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮೊದಲುಗೊಂಡು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಗಣಿತಜ್ಞನ ಕಲ್ಪನೆಗೂ ಸಾಕೆನಿಸಿದ ಆ ಮಹಾಕ್ಷೋಭವನ್ನು ದಾಟಿ ಈ ದಂಡವು ಇನ್ನೂ ಹದಿಮೂರು ಸ್ಥಾನ ಮುಂದಕ್ಕೆ ಹೋಗಿದೆ. ರಷ್ಯಾದ ಸರ್ಕಾರದ ವಕ್ತಾರನಾದ ದ್ಮಿತ್ರಿ ಪೆಸ್ಕೋವ್, ಈ ಸಂಖ್ಯೆಯನ್ನು ಉಚ್ಚರಿಸಲು ತನಗೂ ಬಾರದೆಂದು ಒಪ್ಪಿಕೊಂಡು, ಇದು ಸಾಂಕೇತಿಕವಾದುದೆಂದು ವಿವರಣೆ ಕೊಟ್ಟನು.

ಇಂಥ ಸಂಖ್ಯೆಯನ್ನು ಯಾವ ನ್ಯಾಯಾಧೀಶನೂ ಕುಳಿತು ಬರೆಯಲಿಲ್ಲವೆಂಬುದು ಗಮನಾರ್ಹ. ಅದು ತಾನೇ ಬೆಳೆಯಿತು. 2020ರಲ್ಲಿ ಗೂಗಲ್‌ಗೆ ಸೇರಿದ ಯೂಟ್ಯೂಬ್ ರಷ್ಯಾದ ‘ತ್ಸಾರ್‌ಗ್ರಾದ್’ ಎಂಬ ವಾಹಿನಿಯನ್ನು ಮುಚ್ಚಿತು. ಅದರ ಒಡೆಯನ ಮೇಲೆ ಅಮೆರಿಕ ವಿಧಿಸಿದ್ದ ನಿರ್ಬಂಧಗಳೇ ಅದಕ್ಕೆ ಕಾರಣವೆಂದು ಕಂಪನಿ ಹೇಳಿತು. 2021ರಲ್ಲಿ ಮಾಸ್ಕೋದ ನ್ಯಾಯಾಲಯವು ವಾಹಿನಿಯನ್ನು ಮತ್ತೆ ತೆರೆಯಬೇಕೆಂದು ಆಜ್ಞೆ ಮಾಡಿ, ತಪ್ಪಿದರೆ ದಿನಕ್ಕೆ ಒಂದು ಲಕ್ಷ ರೂಬಲ್ ದಂಡವೆಂದೂ ಅದು ವಾರವಾರಕ್ಕೆ ಇಮ್ಮಡಿಯಾಗತಕ್ಕದ್ದೆಂದೂ ವಿಧಿಸಿತು. 2022ರಲ್ಲಿ ಯುಕ್ರೇನ್ ಯುದ್ಧವು ಆರಂಭವಾದ ಮೇಲೆ ಇನ್ನೂ ಹಲವು ವಾಹಿನಿಗಳು, ಸರ್ಕಾರದವೂ ಸೇರಿ, ಮುಚ್ಚಿಸಲ್ಪಟ್ಟು ಅದೇ ನ್ಯಾಯವನ್ನು ಬೇಡಿದವು. ದಿನಕ್ಕೆ ಒಂದು ಲಕ್ಷ ರೂಬಲೆಂದರೆ ಆಗ ನಮ್ಮ ಒಂದು ಲಕ್ಷ ರೂಪಾಯಿಗೆ ಸಮೀಪದ ಮೊತ್ತ. ಅಂಥ ಕಂಪನಿಗೆ ಇದು ಅತಿಯಾದುದೆಂದು ಯಾರೂ ಹೇಳಲಾರರು. ಆದರೆ ಇಮ್ಮಡಿಯ ಗುಣ ಬೇರೆ. ಹತ್ತು ವಾರಗಳಲ್ಲಿ ಅದು ಸಾವಿರ ಪಟ್ಟಾಗುತ್ತದೆ, ಅಂದರೆ ಮೂರು ಸೊನ್ನೆಗಳು ಕೂಡುತ್ತವೆ. ನೂರು ವಾರಗಳಲ್ಲಿ ಮೂವತ್ತು ಸೊನ್ನೆ. ಮೊದಲ ಲಕ್ಷದ ಐದು ಸೊನ್ನೆ ಇದ್ದೇ ಇವೆ. ಎರಡು ವರ್ಷಗಳೊಳಗೆ ನ್ಯಾಯಾಲಯವು ಕಾಣದ, ಎಣಿಸದ, ಉದ್ದೇಶಿಸದ ಸಂಖ್ಯೆಯೊಂದು ಅದರ ಮುದ್ರೆಯ ಕೆಳಗೆ ಬಂದು ನಿಂತಿತು.

ಸಾಲದ ಬಡ್ಡಿಗೆ ಸಂಬಂಧಿಸಿದಂತೆ ನಮ್ಮ ಧರ್ಮಶಾಸ್ತ್ರಕಾರರು ಈ ಅಪಾಯವನ್ನು ಬಹು ಹಿಂದೆಯೇ ಕಂಡಿದ್ದರು. ನಗದು ಸಾಲದ ಬಡ್ಡಿಯು ಬೆಳೆದು ಬೆಳೆದು ಅಸಲಿನ ಸಮಕ್ಕೆ ಬಂದರೆ ಅಲ್ಲಿಗೆ ನಿಲ್ಲಬೇಕು. ಒಟ್ಟು ಮೊತ್ತವು ಇಮ್ಮಡಿಯನ್ನು ಮೀರಲಾಗದು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ‘ದಾಮ್‌ದುಪಟ್’ ಎಂಬ ಹೆಸರಿನಿಂದ ಈ ನಿಯಮವನ್ನು ಮನ್ನಿಸಿದವು. ಮಾಸ್ಕೋದಲ್ಲಿ ಯಾವ ಇಮ್ಮಡಿಯಿಂದ ದಂಡದ ಓಟ ಮೊದಲಾಯಿತೋ, ಆ ಇಮ್ಮಡಿಯೇ ನಮ್ಮ ಹಿರಿಯರಿಗೆ ಕೊನೆಯ ಗಡಿಯಾಗಿತ್ತು.

ಇನ್ನು ದಂಡದ ವಿಷಯ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದುದು ಯಾಜ್ಞವಲ್ಕ್ಯಸ್ಮೃತಿಗೆ. ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕರ್ಮ, ವಿತ್ತ ಇವುಗಳನ್ನು ಅರಿತು ದಂಡವನ್ನು ವಿಧಿಸಬೇಕೆಂಬುದು ಆ ಸ್ಮೃತಿಯ ಮತ. ಕೊನೆಯಲ್ಲಿ ಬಂದಿರುವ ‘ವಿತ್ತ’ವನ್ನು ನಾವು ಮರೆಯಬಾರದು, ಅಪರಾಧಿಯ ಸಂಪತ್ತೂ ದಂಡದ ಅಳತೆಗಳಲ್ಲಿ ಒಂದು. ತೆರಿಗೆಯಲ್ಲಿ ಈ ವಿವೇಕ ಅದಕ್ಕಿಂತ ಪ್ರಾಚೀನವಾದುದು. ತುಂಗಭದ್ರೆಯ ಆಚೆಗಿನ ಪುಲಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಎಂಟನೆಯ ಶತಮಾನದ ಯುವರಾಜ ವಿಕ್ರಮಾದಿತ್ಯನ ಶಾಸನವು ಮನೆತನಗಳ ಅಂತಸ್ತಿಗೆ ತಕ್ಕಂತೆ ಹತ್ತು, ಏಳು, ಐದು, ಮೂರು ಪಣಗಳೆಂದು ತೆರಿಗೆಯನ್ನು ಇಳಿಸುತ್ತ ಬಂದಿದೆ.

ಯಾಜ್ಞವಲ್ಕ್ಯ, ಕೌಟಿಲ್ಯರಿಬ್ಬರಲ್ಲಿಯೂ ಬರುವ ಇನ್ನೊಂದು ವಿಧಿ ಮತ್ತಷ್ಟು ಸ್ವಾರಸ್ಯಕರವಾಗಿದೆ. ರಾಜನು ಅನ್ಯಾಯವಾಗಿ ದಂಡವನ್ನು ವಸೂಲು ಮಾಡಿದರೆ ಅದರ ಮೂವತ್ತು ಪಟ್ಟನ್ನು ತಾನೇ ತೆರಬೇಕು. ಅದು ವರುಣನಿಗೆ ಅರ್ಪಿತವಾದ ಮೇಲೆಯೇ ದಾನಕ್ಕೆ ಸಲ್ಲತಕ್ಕದ್ದು. ದಂಡಿಸುವವನ ಮೇಲೆಯೂ ಒಬ್ಬ ದಂಡಧರನಿದ್ದಾನೆಂಬ ಭಾವನೆ ಇದರಲ್ಲಿ ಅಡಗಿದೆ. ಈ ವಿಧಿಯನ್ನು ಎಷ್ಟು ಮಂದಿ ಅರಸರು ಪಾಲಿಸಿದರೋ ನಾವು ಕಾಣೆವು. ಮೂವತ್ತು ಪಟ್ಟು ತೆತ್ತ ರಾಜನ ಶಾಸನವೊಂದು ನಮ್ಮ ಕಣ್ಣಿಗಂತೂ ಬಿದ್ದಿಲ್ಲ!

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಈ ಕಂಪನಿಗಳು ಹಲವು ರಾಜ್ಯಗಳಿಗಿಂತ ಶ್ರೀಮಂತವಾದವು. ಸಣ್ಣ ದಂಡ ಅವುಗಳಿಗೆ ಎಲೆಯಡಿಕೆಯ ಖರ್ಚು. ಭಾರಿ ಮೊತ್ತವಲ್ಲದೆ ಅವನ್ನು ಹದ್ದಿನಲ್ಲಿಡುವ ಬೇರೆ ದಾರಿ ಯಾವುದು ಎಂದು ಕೇಳುವವರಿದ್ದಾರೆ. ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿ ಓದಿ ಇಂದು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವವರೂ ಹೀಗೆ ವಾದಿಸುವುದನ್ನು ಕೇಳಿದ್ದೇವೆ. ವಾದದಲ್ಲಿ ಸತ್ತ್ವವಿದೆ. ವಿತ್ತವನ್ನು ನೋಡಿ ದಂಡಿಸಬೇಕೆಂದ ಮೇಲೆ ವಿತ್ತವಂತನ ದಂಡ ದೊಡ್ಡದಾಗಲೇಬೇಕು. 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗವು ಇದೇ ಗೂಗಲ್‌ಗೆ 1,337.76 ಕೋಟಿ ರೂಪಾಯಿಗಳ ದಂಡ ವಿಧಿಸಿತು. ನಮಗೆ ನಿಮಗೆ ಅದು ಊಹೆಗೆ ನಿಲುಕದ ಹಣ. ಆದರೂ ಅದಕ್ಕೊಂದು ಲೆಕ್ಕವಿತ್ತು. ಕಂಪನಿಯ ವಹಿವಾಟಿನ ಇಂತಿಷ್ಟು ಪಾಲು ಎಂದು ಹೇಳಬಹುದಾಗಿತ್ತು. ಮೇಲಿನ ನ್ಯಾಯಾಧಿಕರಣವು 2023ರ ಮಾರ್ಚಿನಲ್ಲಿ ಅದನ್ನು ಪರಿಶೀಲಿಸಿ ಎತ್ತಿಹಿಡಿಯಿತು. ಕಂಪನಿ ಹಣವನ್ನು ಕಟ್ಟಿತು. 2022ರ ಅಕ್ಟೋಬರಿನಲ್ಲಿಯೇ ಆಯೋಗವು ವಿಧಿಸಿದ್ದ 936.44 ಕೋಟಿಯ ಮತ್ತೊಂದು ದಂಡವನ್ನು ಅದೇ ನ್ಯಾಯಾಧಿಕರಣ 2025ರಲ್ಲಿ 216.69 ಕೋಟಿಗೆ ಇಳಿಸಿತು. ಎತ್ತಿಹಿಡಿಯಲೂ ಇಳಿಸಲೂ ಸಾಧ್ಯವಾದುದು ಅಳತೆಗೋಲೊಂದು ಇದ್ದುದರಿಂದಲೇ. ಮೂವತ್ತಾರು ಸೊನ್ನೆಗಳಲ್ಲಿ ಹತ್ತು ಸೊನ್ನೆಗಳನ್ನು ಅಳಿಸಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ?

ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಒಂದು ತೀರ್ಪು ಇದರ ಪಕ್ಕದಲ್ಲಿಟ್ಟು ನೋಡಲು ಯೋಗ್ಯವಾಗಿದೆ. ಕೇಂದ್ರ ಸರ್ಕಾರವು ಕೆಲವು ಬರಹಗಳನ್ನೂ ಖಾತೆಗಳನ್ನೂ ತಡೆಹಿಡಿಯಬೇಕೆಂದು ಮಾಡಿದ ಆಜ್ಞೆಗಳನ್ನು ಪ್ರಶ್ನಿಸಿ ಟ್ವಿಟರ್ ಕಂಪನಿ ಬೆಂಗಳೂರಿನಲ್ಲಿ ಅರ್ಜಿ ಹಾಕಿತ್ತು. 2023ರ ಜೂನ್ 30ರಂದು ಅದು ವಜಾ ಆಯಿತು. ಕಂಪನಿ 50 ಲಕ್ಷ ರೂಪಾಯಿಗಳನ್ನು 45 ದಿನಗಳೊಳಗೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಟ್ಟಬೇಕೆಂದೂ, ತಡವಾದರೆ ದಿನಕ್ಕೆ 5,000 ರೂಪಾಯಿಗಳಂತೆ ಹೆಚ್ಚಿಗೆ ಕೊಡಬೇಕೆಂದೂ ಆಜ್ಞೆಯಾಯಿತು. ಮೇಲ್ಮನವಿಯಲ್ಲಿ ಅರ್ಧದಷ್ಟು, ಅಂದರೆ 25 ಲಕ್ಷ, ಠೇವಣಿಯಿಡಲು ಹೇಳಿ ವಿಭಾಗೀಯ ಪೀಠವು ತಡೆಯಾಜ್ಞೆ ಕೊಟ್ಟಿತು. ಆ ಮೊಕದ್ದಮೆಯ ಗುಣದೋಷಗಳ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಮಾತಿನ ಸ್ವಾತಂತ್ರ್ಯದ ಪ್ರಶ್ನೆ ಅಲ್ಲಿ ಹಗುರವಾದುದಲ್ಲ. ನಾವು ನೋಡುವುದು ದಂಡದ ನಡಿಗೆಯನ್ನು ಮಾತ್ರ. ಮಾಸ್ಕೋದಲ್ಲಿ ವಾರವಾರಕ್ಕೆ ಇಮ್ಮಡಿ. ಬೆಂಗಳೂರಿನಲ್ಲಿ ದಿನಕ್ಕೆ ಐದು ಸಾವಿರದ ಒಂದೊಂದೇ ಹೆಜ್ಜೆ. ಈ ಎರಡನೆಯದರಲ್ಲಿ ಹಿಂದಿರುಗಿ ಬರಲು ದಾರಿಯಿದೆ.

ದಂಡದ ಅಂತರಂಗವೇ ಈ ಹಿಂದಿರುಗುವಿಕೆ. ನಮ್ಮ ಹಡಗಲಿ, ಕೊಟ್ಟೂರು ಸೀಮೆಯ ಹಳ್ಳಿಗಳಲ್ಲಿ ತಪ್ಪು ಮಾಡಿದವನು ದೈವದ ಮುಂದೆ ತಪ್ಪುಕಾಣಿಕೆಯನ್ನಿಟ್ಟು ಪ್ರಸಾದ ಪಡೆದು ಏಳುತ್ತಾನೆ. ಎದ್ದ ಮೇಲೆ ಆ ತಪ್ಪನ್ನು ಎತ್ತಿ ಆಡುವಂತಿಲ್ಲ. ಕಾಣಿಕೆ ಅವನ ಕೈಗೆಟುಕುವಂತಿದ್ದುದರಿಂದ ಅವನು ಮತ್ತೆ ಹತ್ತು ಜನರಲ್ಲಿ ಒಬ್ಬನಾಗುತ್ತಾನೆ. ಕೈಗೆಟುಕದ ಕಾಣಿಕೆಯನ್ನು ಕೇಳಿದ ದಿನ ಅವನು ಊರು ಬಿಡುತ್ತಾನೆ. ಊರು ಬಿಟ್ಟವನನ್ನು ತಿದ್ದುವವರು ಯಾರು? ರಷ್ಯಾದಲ್ಲಿ ಆದುದೂ ಇದೇ. ಗೂಗಲ್‌ನ ಅಲ್ಲಿಯ ಶಾಖೆಯು 2022ರಲ್ಲಿ ದಿವಾಳಿಯ ಅರ್ಜಿ ಹಾಕಿ, 2023ರಲ್ಲಿ ದಿವಾಳಿಯೆಂದು ಘೋಷಿಸಲ್ಪಟ್ಟಿತು. ವಾಹಿನಿಗಳು ಬೇರೆ ದೇಶಗಳಲ್ಲಿ ವಸೂಲಿಗೆ ಹೊರಟಾಗ, 2025ರ ಜನವರಿಯಲ್ಲಿ ಲಂಡನ್ನಿನ ಹೈಕೋರ್ಟು ಅದಕ್ಕೆ ಪ್ರತಿಬಂಧಕಾಜ್ಞೆ ಹೊರಡಿಸಿತು.

ಇದರಲ್ಲಿ ಆದ ನಿಜವಾದ ನಷ್ಟ ಹಣದ್ದಲ್ಲ. ಕೋಟ್ಯಂತರ ಜನರು ನೋಡುವ ವೇದಿಕೆಯೊಂದರಲ್ಲಿ ಯಾರು ಮಾತನಾಡಬೇಕು, ಯಾರ ಬಾಯಿಗೆ ಬೀಗ ಬೀಳಬೇಕು ಎಂಬುದನ್ನು ಪರದೇಶದ ಒಂದು ಕಂಪನಿ ತೀರ್ಮಾನಿಸಬಹುದೇ? ತನ್ನ ದೇಶದ ನಿರ್ಬಂಧಕ್ಕೆ ಕಟ್ಟುಬಿದ್ದು ಬೇರೊಂದು ದೇಶದ ಪ್ರಜೆಯ ಖಾತೆಯನ್ನು ಮುಚ್ಚುವುದು ನ್ಯಾಯವೇ? ಇವು ನಮ್ಮ ದೇಶಕ್ಕೂ ನಾಳೆ ಎದುರಾಗಬಹುದಾದ ಪ್ರಶ್ನೆಗಳು. ಆ ವಾಹಿನಿಗಳು ಬಿತ್ತರಿಸುತ್ತಿದ್ದುದು ನಮಗೆ ಪ್ರಿಯವೋ ಅಪ್ರಿಯವೋ, ಪ್ರಶ್ನೆ ಪ್ರಶ್ನೆಯೇ. ಆದರೆ ಸೊನ್ನೆಗಳ ಮೆರವಣಿಗೆಯಲ್ಲಿ ಅದನ್ನು ಕೇಳುವವರೇ ಇಲ್ಲದಂತಾಯಿತು. ಜಗತ್ತು ನ್ಯಾಯಾಲಯವನ್ನು ನೋಡಿ ನಕ್ಕಿತು. ಕಂಪನಿಯನ್ನು ಯಾರೂ ಏನೂ ಕೇಳಲಿಲ್ಲ. ಮಿತಿ ಮೀರಿದ ದಂಡವನ್ನು ಕ್ರೂರವೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಅಪರಾಧಿಗೆ ದೊರೆಯಬಹುದಾದ ಅತ್ಯಂತ ಸುಲಭವಾದ ಬಿಡುಗಡೆ. ಸಂಕೇತಕ್ಕಾಗಿ ವಿಧಿಸಿದ್ದೆಂಬ ವಕ್ತಾರನ ಸಮಾಧಾನವೂ ನಿಲ್ಲುವಂಥದಲ್ಲ. ಕವಿಗೆ ಸಂಕೇತ ಭೂಷಣವಾದೀತು. ನ್ಯಾಯಪೀಠವು ಆಡಿದ ಮಾತು ಅಕ್ಷರಶಃ ನಡೆಯಬೇಕಾದುದು.

ನಮ್ಮ ನಾಡಿನಲ್ಲಿಯೂ ಸಂಖ್ಯೆಗಳು ಆಶ್ಚರ್ಯಕರವಾಗಿ ಏರಿ ಇಳಿದುದುಂಟು. 2024ರ ಜುಲೈ ಕೊನೆಯಲ್ಲಿ ಬೆಂಗಳೂರಿನ ಇನ್ಫೋಸಿಸ್ ಕಂಪನಿಗೆ 32,403 ಕೋಟಿ ರೂಪಾಯಿಗಳ ಜಿ.ಎಸ್.ಟಿ. ಬಾಕಿಯ ಬಗ್ಗೆ ಪೂರ್ವಭಾವಿ ನೋಟೀಸು ಬಂದಿತು. ಇದು ದಂಡವಲ್ಲ, ತೆರಿಗೆಯ ಬೇಡಿಕೆ. ಹೊರದೇಶದ ಶಾಖೆಗಳಲ್ಲಿ ಮಾಡಿದ ಖರ್ಚಿಗೆ ಸಂಬಂಧಿಸಿದುದು. ಆ ಮೊತ್ತವು ಕಂಪನಿಯ ಒಂದು ವರ್ಷದ ಲಾಭವನ್ನೂ ಮೀರಿತ್ತು. ಒಂದೆರಡು ದಿನಗಳಲ್ಲೇ ರಾಜ್ಯದ ಅಧಿಕಾರಿಗಳು ತಮ್ಮ ನೋಟೀಸನ್ನು ಹಿಂತೆಗೆದುಕೊಂಡರು. ಆಗಸ್ಟಿನಲ್ಲಿ ಕೇಂದ್ರದ ಇಲಾಖೆ 2017-18ರ ಬಾಬನ್ನು ಕೈಬಿಟ್ಟಿತು. 2025ರ ಜೂನ್‌ನಲ್ಲಿ ಉಳಿದುದೂ ಮುಕ್ತಾಯವಾಯಿತು. ನ್ಯಾಯ ದೊರೆಯಿತೆಂದು ಸಂತೋಷಪಡಬಹುದು. ಬಾಕಿ ನಿಜವಾಗಿದ್ದರೆ ಬಿಟ್ಟದ್ದೇಕೆ, ಇಲ್ಲವಾಗಿದ್ದರೆ ಬರೆದದ್ದೇಕೆ ಎಂದು ಕೇಳುವುದೂ ಪ್ರಜೆಯ ಹಕ್ಕು.

ಹೆಚ್ಚು ಕೇಳಿದರೆ ಹೆಚ್ಚು ಬರುತ್ತದೆಂಬ ಭ್ರಮೆಗೆ ನಮ್ಮ ಈ ಸೀಮೆಯೇ ಒಮ್ಮೆ ಉತ್ತರ ಕೊಟ್ಟಿದೆ. 1800ರಲ್ಲಿ ನಿಜಾಮನು ಬಳ್ಳಾರಿ ಮೊದಲಾದ ಪ್ರದೇಶಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ ಈ ದತ್ತಮಂಡಲಕ್ಕೆ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಏಳು ವರ್ಷ ಹೊಲಗಳನ್ನು ಅಳೆಸಿ ಕಂದಾಯವನ್ನು ಗೊತ್ತುಪಡಿಸಿದ ಅವನೇ 1807ರಲ್ಲಿ ಹೊರಡುವಾಗ, ಕಂದಾಯ ಭಾರವಾಗಿದೆ, ನೂರಕ್ಕೆ ಇಪ್ಪತ್ತೈದು ಇಳಿಸಬೇಕೆಂದು ಮೇಲಿನವರಿಗೆ ಬರೆದನು. ಮೇಲಿನವರಿಗೆ ಅದು ರುಚಿಸಲಿಲ್ಲ. ಊರೂರುಗಳನ್ನು ಗುತ್ತಿಗೆಗೆ ಕೊಟ್ಟು ನೋಡಿದರು. ಗುತ್ತಿಗೆ ಹಿಡಿದ ಅನೇಕರು ಹಾಳಾದರು. ಮನ್ರೋ ಮದರಾಸಿನ ಗವರ್ನರನಾಗಿ ಮರಳಿದ ಮೇಲೆ, 1820ರ ನಂತರ, ಆ ಇಳಿಕೆ ಜಾರಿಗೆ ಬಂದಿತು. ಪರಕೀಯ ಆಳರಸನನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಹೊಲದ ಬದುವಿನಲ್ಲಿ ನಿಂತು ನೋಡಿದವನಿಗೆ ಕಂಡದ್ದು ಕಚೇರಿಯಲ್ಲಿ ಕುಳಿತವರಿಗೆ ಕಾಣಲು ಹದಿಮೂರು ವರ್ಷ ಬೇಕಾಯಿತೆಂಬುದಷ್ಟೇ ನಮ್ಮ ಮಾತು.

ಅಪರಿಮಿತವೆಂಬುದು ಮೂವತ್ತಾರು ಸೊನ್ನೆಗಳಲ್ಲೇ ಇರಬೇಕೆಂದಿಲ್ಲ. ತಕ್ಕಡಿ ಹಿಡಿದವನಿಗೆ ಐದು ಸೊನ್ನೆ ಸಾಕು. 2025ರ ಜುಲೈಯಲ್ಲಿ ನಮ್ಮ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ, ಹಾಲು ತರಕಾರಿ ಮಾರುವವರಿಗೆ, ಬೇಕರಿಯವರಿಗೆ ಮೊಬೈಲಿನಲ್ಲಿ ಪಡೆದ ಹಣದ ಆಧಾರದ ಮೇಲೆ ಹಲವು ವರ್ಷಗಳ ಜಿ.ಎಸ್.ಟಿ. ನೋಟೀಸುಗಳು ಬಂದವು, ಕೆಲವರಿಗೆ ಬಂದದ್ದು ಹತ್ತಾರು ಲಕ್ಷಗಳ ಲೆಕ್ಕ. ಇವರಿಗೆ ಲಂಡನ್ನಿನ ಕೋರ್ಟಿಲ್ಲ, ಲೆಕ್ಕಪರಿಶೋಧಕರ ಪಡೆಯೂ ಇಲ್ಲ. ಆ ತಿಂಗಳ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಭರವಸೆ ಕೊಟ್ಟರು. ಅಷ್ಟರೊಳಗೆ ಎಷ್ಟೋ ಅಂಗಡಿಗಳವರು ಹಣ ಪಡೆಯುವ ಆ ಕಪ್ಪುಬಿಳುಪಿನ ಚೌಕದ ಚೀಟಿಯನ್ನು ಕಿತ್ತು, ಅದರ ಜಾಗದಲ್ಲಿ ‘ನಗದು ಮಾತ್ರ’ ಎಂದು ಕೈಯಿಂದ ಬರೆದ ರಟ್ಟನ್ನು ತೂಗುಹಾಕಿದ್ದರು.