ಭರವಸೆ ಯಾರ ಹೊಣೆ? ಸ್ಕಿಜೋಫ್ರೇನಿಯಾ, ಕುಟುಂಬ ಮತ್ತು ಕಾಯಕ-ದಾಸೋಹದ ವಿಚಾರ

ದೀರ್ಘಕಾಲದ ಕಾಯಿಲೆಯೊಂದು ಮನೆಯೊಳಗೆ ನೆಲೆಯೂರಿ, ಅದು ಪೂರ್ತಿಯಾಗಿ ವಾಸಿಯಾಗುವುದೆಂದು ಯಾರೂ ಮಾತು ಕೊಡಲಾರದ ಸ್ಥಿತಿಯಲ್ಲಿ ಆ ಮನೆಯವರು ಏನನ್ನು ನೆಚ್ಚಿ ಬದುಕಬೇಕು ಎಂಬುದು ವೈದ್ಯಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ಧರ್ಮದ ಪ್ರಶ್ನೆಯೂ ಆಗಿದೆ. ಸ್ಕಿಜೋಫ್ರೇನಿಯಾದ ವಿಷಯದಲ್ಲಿ ಇದು ಇನ್ನಷ್ಟು ಬಿಕ್ಕಟ್ಟಿನ ಪ್ರಶ್ನೆ. ಕನ್ನಡದ ಮನೋವೈದ್ಯಕೀಯ ಬರವಣಿಗೆಯಲ್ಲಿ ಇಚ್ಚಿತ್ತ ವಿಕಲತೆಯೆಂದೂ ಕರೆಯಲಾಗುವ ಈ ಕಾಯಿಲೆ ಹೆಚ್ಚಾಗಿ ಹರೆಯದಲ್ಲಿ, ಅಂದರೆ ಓದು ಮುಗಿದು ದುಡಿಮೆ, ಮದುವೆಗಳ ಮಾತು ಶುರುವಾಗುವ ಹೊತ್ತಿಗೆ, ಕಾಣಿಸಿಕೊಳ್ಳುತ್ತದೆ; ಇಲ್ಲದ ಧ್ವನಿಗಳು ಕೇಳಿಸುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂಬ ಅಲುಗದ ನಂಬಿಕೆ ಹುಟ್ಟುವುದು, ಮಾತು ಮತ್ತು ಆಲೋಚನೆಯ ಎಳೆ ತಪ್ಪುವುದು, ಕ್ರಮೇಣ ಇಚ್ಛಾಶಕ್ತಿಯೇ ಬತ್ತುವುದು ಇದರ ಮುಖ್ಯ ಲಕ್ಷಣಗಳು. ತುರುವನೂರಿನಿಂದ ಹಿಡಿದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳವರೆಗೆ ಚಿತ್ರದುರ್ಗ ಸೀಮೆಯ ಕುಟುಂಬವೊಂದು ಇಂತಹ ಗಳಿಗೆಯಲ್ಲಿ ಕೈಚಾಚುವುದು ಸಾಮಾನ್ಯವಾಗಿ ಎರಡು ಕಡೆಗೆ: ಒಂದು ಹರಕೆಯ ಗದ್ದುಗೆ, ಇನ್ನೊಂದು ಆಸ್ಪತ್ರೆ. ಇವೆರಡರ ಹಿಂದೆ, ಈ ಸೀಮೆಯ ಮಾತಿನಲ್ಲೂ ನಡೆಯಲ್ಲೂ ಬೆರೆತಿರುವ ಶರಣರ ಕಾಯಕ-ದಾಸೋಹದ ವಿಚಾರವಿದೆ. ಭರವಸೆಯ ಪ್ರಶ್ನೆಗೆ ಈ ಮೂರೂ ಕೊಡುವ ಉತ್ತರಗಳು ಒಂದೇ ಅಲ್ಲ.

ಭಾರತೀಯ ಧಾರ್ಮಿಕ ಚಿಂತನೆ ಆಸೆಯನ್ನು ಸುಲಭವಾಗಿ ಮೆಚ್ಚಿದ್ದಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ಆಸೆಯನ್ನು ಬಂಧನವೆಂದು ಬಗೆದರು; ಭಗವದ್ಗೀತೆ ಕರ್ಮದಲ್ಲಿ ಅಧಿಕಾರವನ್ನು ಒಪ್ಪಿ ಫಲದ ಮೇಲಿನ ಹಕ್ಕನ್ನು ನಿರಾಕರಿಸಿತು; ಬೌದ್ಧರು ತೃಷ್ಣೆಯಲ್ಲೇ ದುಃಖದ ಮೂಲವನ್ನು ಕಂಡರು. ಹಾಗಾದರೆ ಮಗನ ಕಾಯಿಲೆ ವಾಸಿಯಾಗಲೆಂದು ಹಂಬಲಿಸುವ ತಾಯಿಗೆ ಈ ದರ್ಶನಗಳು ಆಸೆ ಬಿಡು ಎಂದಷ್ಟೇ ಹೇಳುತ್ತವೆಯೇ? ಹಾಗೆ ಹೇಳಿದರೆ ಅದು ಕ್ರೂರವಾದ ಉಪದೇಶವಾಗುತ್ತದೆ. ಆದರೆ ಇದಕ್ಕೆ ಎದುರಾಗಿ, ಪೂರ್ತಿ ಗುಣವಾಗುವುದೆಂದು ನಂಬಿಸುತ್ತ ಹೋಗುವುದೂ ಕರುಣೆಯಲ್ಲ. ಏಕೆಂದರೆ ಫಲಕ್ಕೆ ಕಟ್ಟಿಹಾಕಿದ ಆಸೆ ಪ್ರತಿ ಬಾರಿ ಕಾಯಿಲೆ ಮರುಕಳಿಸಿದಾಗಲೂ ಮುರಿಯುತ್ತದೆ, ಮತ್ತು ಮುರಿದ ಆಸೆಯ ಪೆಟ್ಟು ಬೀಳುವುದು ಹೆಚ್ಚಾಗಿ ಕಾಯಿಲೆಯವರ ಮೇಲೆಯೇ.

ಫಲಕ್ಕೆ ಕಟ್ಟಿದ ಆಸೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ವ್ಯಾಪಕವಾದ ನಂಬಿಕೆಯೇ ಸಾಕ್ಷಿ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಈ ಸುಳಿಯನ್ನು ನಗೆಯಾಗಿಸಿದೆಯಾದರೂ, ನಿಜ ಜೀವನದಲ್ಲಿ ಕಾಯಿಲೆಯನ್ನು ಮುಚ್ಚಿಟ್ಟು ಮಾಡಿದ ಮದುವೆಗಳಲ್ಲಿ ಅದರ ಬೆಲೆಯನ್ನು ತೆರುವುದು ಏನೂ ಅರಿಯದ ಇನ್ನೊಂದು ಜೀವ. ಹೆತ್ತವರ ಭರವಸೆ ಇಲ್ಲಿ ಮತ್ತೊಬ್ಬರ ಹೆಗಲಿಗೆ ಹೊರೆಯಾಗಿ ದಾಟುತ್ತದೆ. ಆದ್ದರಿಂದ ಭರವಸೆ ಇದ್ದಷ್ಟೂ ಒಳ್ಳೆಯದೆಂಬ ಮಾತು ನಿಲ್ಲುವುದಿಲ್ಲ. ಯಾವ ಬಗೆಯ ಭರವಸೆ, ಅದನ್ನು ಹೊರುವವರು ಯಾರು ಎಂದು ಕೇಳಲೇಬೇಕಾಗುತ್ತದೆ.

ಗದ್ದುಗೆಯ ದಾರಿಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಕೊಡುವುದೇನೆಂದು ಅರಿಯದೆ ತಳ್ಳಿಹಾಕುವುದು ಸರಿಯಲ್ಲ. ತುಂಗಭದ್ರೆಯ ದಡದಲ್ಲಿ, ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿರುವ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಗಾಳಿ ಸೋಕಿದೆ, ಮಾಟ ತಗಲಿದೆ ಎಂದು ಕರೆತರಲಾಗುವ ಜನರಲ್ಲಿ ಮನೋರೋಗಿಗಳೂ ಇರುತ್ತಾರೆ; ಅಮಾವಾಸ್ಯೆಯಂದು ಅಲ್ಲಿ ಜನ ಕಿಕ್ಕಿರಿಯುತ್ತಾರೆ. ಅಲ್ಲಿನ ವಿವರಣೆಯ ಪ್ರಕಾರ ಕೇಡು ಹೊರಗಿನಿಂದ ಬಂದದ್ದು. ಹೀಗಾಗಿ ಕಾಯಿಲೆಯಾದವರು ತಪ್ಪಿತಸ್ಥರಲ್ಲ, ಅವರನ್ನು ಹೆತ್ತವರೂ ಅಲ್ಲ. ಜೊತೆಗೆ ಇಡೀ ಮನೆಯೇ ಕಾಯಿಲೆಯವರೊಂದಿಗೆ ಹೊರಡುತ್ತದೆ, ತಮ್ಮಂತಹದೇ ಕಷ್ಟದ ಇತರ ಮನೆಗಳನ್ನು ಕಾಣುತ್ತದೆ, ಯಾರೂ ಬೆರಳು ತೋರದ ಜಾಗವೊಂದರಲ್ಲಿ ಕೆಲವು ದಿನ ಉಸಿರಾಡುತ್ತದೆ. ತಮಿಳುನಾಡಿನ ದೇಗುಲವೊಂದರಲ್ಲಿ ತಂಗಿದ್ದ ಮನೋರೋಗಿಗಳ ಬಗ್ಗೆ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನ, ಯಾವ ಔಷಧವೂ ಇಲ್ಲದ ಆ ಆಸರೆಯ ವಾತಾವರಣದಲ್ಲಿ ಹಲವರ ಲಕ್ಷಣಗಳು ತಗ್ಗಿದ್ದನ್ನು ದಾಖಲಿಸಿತು.

ಆದರೆ ಇದೇ ದಾರಿಯ ಇನ್ನೊಂದು ತುದಿಯಲ್ಲಿ ಏರ್ವಾಡಿಯಿದೆ. ತಮಿಳುನಾಡಿನ ಆ ಊರಿನ ದರ್ಗಾದ ಸುತ್ತಲಿನ ಖಾಸಗಿ ಆಶ್ರಯಗಳಲ್ಲೊಂದರಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ ಕಾರಣ ತಪ್ಪಿಸಿಕೊಳ್ಳಲಾಗದೆ 28 ಮಂದಿ ಸತ್ತರು. ಶ್ರದ್ಧೆ ಅವರನ್ನು ಕೊಂದಿತೆನ್ನುವುದು ತಪ್ಪಾಗುತ್ತದೆ. ಶ್ರದ್ಧೆಯ ಹೆಸರಿನಲ್ಲಿ ಕಾಯಿಲೆಯವರನ್ನು ಬಿಟ್ಟು ಬಂದು, ಪವಾಡದ ಮೇಲೆ ಹೊಣೆ ಹಾಕಿ, ಉಳಿದವರೆಲ್ಲ ಕೈ ತೊಳೆದುಕೊಳ್ಳುವ ವ್ಯವಸ್ಥೆ ಕೊಂದಿತು ಎನ್ನಬಹುದು. ಗದ್ದುಗೆಯ ಬಳಿ ಇಡೀ ಕುಟುಂಬ ನಿಂತಿರುವವರೆಗೆ ಅದು ಆಸರೆ. ಕುಟುಂಬವೂ ಊರೂ ಅಲ್ಲಿಂದ ಹಿಂದಿರುಗಿ, ಕಾಯಿಲೆಯವರು ಮಾತ್ರ ಉಳಿದಾಗ ಅದು ಸೆರೆ.

ಕರ್ಮಸಿದ್ಧಾಂತದ ವಿಷಯದಲ್ಲೂ ಇಂತಹದೇ ಎರಡು ಮುಖಗಳಿವೆ. ಹಿಂದಿನ ಜನ್ಮದ ಫಲ, ಹಣೆಬರಹ ಎಂಬ ಮಾತು ಕೆಲವರಿಗೆ ಸಮಾಧಾನ ತರುತ್ತದೆ, ಏಕೆಂದರೆ ಅದು ಅರ್ಥವಿಲ್ಲದ ನೋವಿಗೆ ಒಂದು ಕ್ರಮವನ್ನು ಕೊಡುತ್ತದೆ. ಆದರೆ ಅದೇ ಮಾತು ನೆರೆಯವರ ಬಾಯಲ್ಲಿ ತೀರ್ಪಾಗುತ್ತದೆ, ಮತ್ತು ತೀರ್ಪು ಬಿದ್ದ ಮನೆಗೆ ನೆರವಾಗುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಕರ್ಮವನ್ನು ಕಳೆದದ್ದರ ವಿವರಣೆಯಾಗಿ ಅಲ್ಲದೆ ಮುಂದೆ ಮಾಡಬೇಕಾದದ್ದರ ಕರೆಯಾಗಿ ತಿಳಿದವರಿಗೆ ಮಾತ್ರ ಅದು ಕುಟುಂಬದ ಕೈಯಲ್ಲಿ ಉಪಯುಕ್ತವಾದ ವಿಚಾರವಾಗಿ ಉಳಿಯುತ್ತದೆ.

ಮಾಡಬೇಕಾದದ್ದರ ಮಾತು ಬಂದಾಗ ಈ ಸೀಮೆಯಲ್ಲಿ ಕಾಯಕದ ವಿಚಾರಕ್ಕೆ ಬಾರದೆ ಗತಿಯಿಲ್ಲ, ಮತ್ತು ಅತ್ಯಂತ ಕಠಿಣವಾದ ತೊಡಕು ಎದುರಾಗುವುದೂ ಅಲ್ಲಿಯೇ. ಸ್ಕಿಜೋಫ್ರೇನಿಯಾದ ಅಬ್ಬರದ ಲಕ್ಷಣಗಳು ಔಷಧದಿಂದ ತಗ್ಗಿದ ಮೇಲೂ ವೈದ್ಯರು ನಕಾರಾತ್ಮಕ ಲಕ್ಷಣಗಳೆಂದು ಕರೆಯುವ ಒಂದು ಗುಂಪು ಹಲವರಲ್ಲಿ ಉಳಿಯುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮನಸ್ಸೂ ಬಾರದಿರುವುದು, ಹಿಡಿದ ಕೆಲಸ ಅರ್ಧಕ್ಕೆ ಕೈಬಿಡುವುದು, ಯಾವುದರಲ್ಲೂ ರುಚಿ ಇಲ್ಲದಿರುವುದು ಇದರ ಪರಿ. ಮನೆಯವರ ಕಣ್ಣಿಗೆ ಇದು ಕಾಯಿಲೆಯಾಗಿ ಕಾಣುವುದಿಲ್ಲ, ಮೈಗಳ್ಳತನವಾಗಿ ಕಾಣುತ್ತದೆ. ದುಡಿಮೆಯನ್ನೇ ಪೂಜೆಯೆಂದು ಎಣಿಸುವ ಸಮಾಜದಲ್ಲಿ ಮೈಗಳ್ಳತನವೆಂಬುದು ಬರಿಯ ದೋಷವಲ್ಲ, ಪಾಪದ ಮಟ್ಟದ ಅಪವಾದ. ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ ಐಕ್ಯರಾದರೆಂದು ಜನ ನಂಬುವ ನುಲಿಯ ಚಂದಯ್ಯನ ಕಥೆ ಈ ಸಂಸ್ಕೃತಿಯ ನಿಷ್ಠುರತೆಯನ್ನು ತೋರುತ್ತದೆ: ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ನಡೆಸುತ್ತಿದ್ದ ಆ ಶರಣನು, ಮೈಮೇಲಿನ ಲಿಂಗ ಜಾರಿಬಿದ್ದರೂ ಕೆಲಸ ನಿಲ್ಲಿಸಲಿಲ್ಲವೆಂದೂ, ಬೆನ್ನು ಹತ್ತಿ ಬಂದ ಲಿಂಗಕ್ಕೂ ಕಾಯಕ ತಪ್ಪದೆಂದನೆಂದೂ ಹೇಳಲಾಗುತ್ತದೆ. ದೇವರಿಗೇ ಇಲ್ಲದ ವಿನಾಯಿತಿ ಕಾಯಿಲೆಯವರಿಗೆ ಹೇಗೆ ದೊರೆತೀತು?

ಚಂದಯ್ಯನ ಕಥೆಯನ್ನು ಇನ್ನಷ್ಟು ಗಮನವಿಟ್ಟು ಓದಿದರೆ ಉತ್ತರ ಅದರೊಳಗೇ ಇದೆ. ಲಿಂಗವನ್ನು ಹೊರಗೆ ನಿಲ್ಲಿಸದೆ ಕೆಲಸದಲ್ಲಿ ಸೇರಿಸಿಕೊಳ್ಳಲಾಯಿತು, ಎಷ್ಟು ಹಗ್ಗ ಮಾರಿತೆಂದು ಅದರ ಯೋಗ್ಯತೆಯನ್ನು ಯಾರೂ ಅಳೆಯಲಿಲ್ಲ. ಕಾಯಕದಲ್ಲಿ ಮುಖ್ಯವಾದದ್ದು ಉತ್ಪಾದನೆಯ ಪ್ರಮಾಣವಲ್ಲ, ಎಲ್ಲರ ನಡುವೆ ಒಂದು ಪಾಲು ಹೊತ್ತು ನಿಲ್ಲುವ ಅವಕಾಶ ಎಂಬ ಅರ್ಥದಲ್ಲಿ ನೋಡಿದರೆ, ಇಚ್ಛಾಶಕ್ತಿ ಬತ್ತಿದವರು ದಿನಕ್ಕೆ ಒಂದು ಗಂಟೆ ಶೇಂಗಾ ಬಿಡಿಸಿದರೂ, ಎರಡು ಮೇಕೆ ಕಾದರೂ ಅದು ಕಾಯಕವೇ. ಮನೋವೈದ್ಯಕೀಯ ಪುನರ್ವಸತಿಯ ತತ್ತ್ವವೂ, ಅಂದರೆ ಕಾಯಿಲೆಯವರನ್ನು ಶಕ್ತಿಗೆ ತಕ್ಕ ಕೆಲಸದ ಮೂಲಕ ಮತ್ತೆ ಬದುಕಿಗೆ ಹೊಂದಿಸುವ ಕ್ರಮವೂ, ಇದಕ್ಕೆ ದೂರವಲ್ಲ. ಮೈಗಳ್ಳರೆಂದು ಬೈಯುವುದರ ಅಪಾಯವನ್ನೂ ಸಂಶೋಧಕರು ಗುರುತಿಸಿದ್ದಾರೆ: ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಆರಂಭಿಸಿದ ಅಧ್ಯಯನಗಳು, ಮನೆಯವರ ನಿರಂತರ ಟೀಕೆ ಮತ್ತು ಹಗೆತನವಿದ್ದಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚೆಂದು ತೋರಿಸಿದವು.

ಆಸ್ಪತ್ರೆ ಕೊಡುವ ಭರವಸೆಯ ಚರಿತ್ರೆ ನಿರಾಶೆಯಿಂದಲೇ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಎಮಿಲ್ ಕ್ರೇಪೆಲಿನ್ ಈ ಕಾಯಿಲೆಯನ್ನು ಎಳೆಯ ವಯಸ್ಸಿನಲ್ಲಿ ಬುದ್ಧಿ ಕ್ಷಯಿಸುತ್ತಲೇ ಹೋಗುವ ಅವಸ್ಥೆಯೆಂದು ವರ್ಣಿಸಿದ. ಎಲ್ಲರೂ ಹಾಗೆ ಕ್ಷಯಿಸುವುದಿಲ್ಲವೆಂದು ಕಂಡ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಇಂದಿನ ಹೆಸರನ್ನು ಕೊಟ್ಟ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದ ಮೇಲೆ ಲಕ್ಷಣಗಳನ್ನು ಹತೋಟಿಗೆ ತರಬಹುದೆಂಬುದು ಖಚಿತವಾಯಿತು. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದಲ್ಲಿ ಆಗ್ರಾವನ್ನೂ ಒಳಗೊಂಡು ಒಂಬತ್ತು ದೇಶಗಳಲ್ಲಿ ಕೈಗೊಂಡ ಅಧ್ಯಯನ, ಶ್ರೀಮಂತ ದೇಶಗಳಿಗಿಂತ ಭಾರತ, ನೈಜೀರಿಯಾಗಳಲ್ಲಿ ಚೇತರಿಕೆ ಉತ್ತಮವಾಗಿದೆಯೆಂದಿತು. ಈ ತೀರ್ಮಾನವನ್ನು ಮುಂದಿನ ಸಂಶೋಧಕರು ಪ್ರಶ್ನಿಸಿದ್ದೂ ಉಂಟು, ಆದ್ದರಿಂದ ನಮ್ಮ ಕೂಡುಕುಟುಂಬಗಳ ಹಿರಿಮೆಯನ್ನು ಹೊಗಳಿಕೊಳ್ಳಲು ಅದನ್ನು ಬಳಸುವುದು ಸಲ್ಲದು. ಇದಕ್ಕಿಂತ ಗಟ್ಟಿಯಾದ ಆಧಾರ ಕರ್ನಾಟಕದ ಹಳ್ಳಿಗಳಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ನಡೆಸಿದ ಸಮುದಾಯ ಕಾರ್ಯಕ್ರಮದಲ್ಲಿ, ಚಿಕಿತ್ಸೆಯಲ್ಲಿರುವವರ ಅಸಾಮರ್ಥ್ಯ ಚಿಕಿತ್ಸೆಯನ್ನೇ ಕಾಣದವರಿಗಿಂತ ಕಡಿಮೆಯೆಂಬುದು ಕಂಡುಬಂತು.

ಇಲ್ಲಿ ಗುಣವಾಗುವುದು ಮತ್ತು ಚೇತರಿಸಿಕೊಳ್ಳುವುದು ಬೇರೆ ಬೇರೆ. ಮೊದಲನೆಯದು ಕಾಯಿಲೆ ಇಲ್ಲದಂತಾಗುವ ಸ್ಥಿತಿ; ಎರಡನೆಯದು ಕಾಯಿಲೆಯ ಕೆಲವು ಗುರುತುಗಳು ಉಳಿದಿದ್ದರೂ ನಂಟು, ಕೆಲಸ, ಮರ್ಯಾದೆಗಳಿರುವ ಬದುಕು ಮತ್ತೆ ಸಾಧ್ಯವಾಗುವ ಸ್ಥಿತಿ. ಹಿರಿಯೂರಿನ ಜನಕ್ಕೆ ಇದನ್ನು ವಿವರಿಸಲು ಮಾರಿಕಣಿವೆಯೇ ಸಾಕು: 1907ರಲ್ಲಿ ಅಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ; ನಡುವಿನ ಅಷ್ಟೂ ಕಾಲ ಆ ಜಲಾಶಯ ಪೂರ್ತಿ ತುಂಬಲಿಲ್ಲ, ಆದರೂ ಅದರ ನೀರನ್ನು ನೆಚ್ಚಿ ತೋಟಗಳು ಬೆಳೆದವು, ಊರುಗಳು ಕುಡಿದವು, ಮತ್ತು ತುಂಬದ ಕಟ್ಟೆಯೆಂದು ಯಾರೂ ಅದರ ಕಾಳಜಿಯನ್ನು ಬಿಡಲಿಲ್ಲ. ಪೂರ್ಣತೆಯನ್ನು ಷರತ್ತಾಗಿ ಮಾಡಿಕೊಳ್ಳದ ಇಂತಹ ಭರವಸೆಯನ್ನು ಗೀತೆಯ ನಿಷ್ಕಾಮತೆಯೂ ಶರಣರ ಆಸೆಯ ಖಂಡನೆಯೂ ಅಲ್ಲಗಳೆಯುವುದಿಲ್ಲ. ಫಲವನ್ನು ಬಯಸಬಾರದೆಂಬುದು ಇಲ್ಲಿನ ಅರ್ಥವಲ್ಲ. ಔಷಧ ಕೊಡುವುದಕ್ಕೆ, ಜೊತೆಗೆ ಕೂತು ಉಣ್ಣುವುದಕ್ಕೆ, ಹೆಸರು ಹಿಡಿದು ಕರೆಯುವುದಕ್ಕೆ ಫಲವು ಷರತ್ತಾಗಬಾರದು ಎಂಬುದು ಅರ್ಥ.

ಹೀಗಿದ್ದರೂ ನಿಷ್ಕಾಮತೆಯ ಈ ಭಾರವನ್ನು ಒಂದೇ ಮನೆಯ ಮೇಲೆ, ಅದರಲ್ಲೂ ಹೆಚ್ಚಾಗಿ ಒಬ್ಬ ತಾಯಿಯ ಅಥವಾ ಹೆಂಡತಿಯ ಮೇಲೆ ಹೊರಿಸುವುದು ಧರ್ಮವಾಗಲಾರದು. ನಾವು ಕಣ್ಣು ಮುಚ್ಚಿದ ಮೇಲೆ ಇವನ ಗತಿಯೇನು ಎಂದು ವಯಸ್ಸಾದ ಹೆತ್ತವರು ಕೇಳುವ ಪ್ರಶ್ನೆಗೆ ಅವರ ತಾಳ್ಮೆಯನ್ನು ಹೊಗಳುವುದು ಉತ್ತರವಲ್ಲ. ತುರುವನೂರಿನ ಹೆಸರು ನಾಡಿನ ನೆನಪಿನಲ್ಲಿ ಉಳಿದಿರುವುದು 1939ರ ಅರಣ್ಯ ಸತ್ಯಾಗ್ರಹದಿಂದ; ಎಸ್. ನಿಜಲಿಂಗಪ್ಪನವರ ಮುಂದಾಳತನದಲ್ಲಿ ಈಚಲು ಮರಗಳನ್ನು ಕಡಿದು ಸೆರೆಮನೆ ಸೇರಿದವರ ಕಷ್ಟಕ್ಕೆ ಊರೆಲ್ಲ ಒಪ್ಪಿದ ಅರ್ಥವೊಂದಿತ್ತು, ಆದ್ದರಿಂದಲೇ ಆ ಕಷ್ಟ ಗೌರವವಾಗಿ ಮಾರ್ಪಟ್ಟಿತು. ಮನೋರೋಗಿಯ ಮನೆಯವರು ಪಡುವ ಪಾಡಿಗೆ ಅಂತಹ ಸಾರ್ವಜನಿಕ ಅರ್ಥವಿಲ್ಲ. ಅದು ಬಾಗಿಲ ಹಿಂದೆ ನಡೆಯುತ್ತದೆ, ನಾಚಿಕೆಯಾಗಿ ಉಳಿಯುತ್ತದೆ. ನಿರಾಶೆ ಹುಟ್ಟುವುದು ಕಾಯಿಲೆಯಿಂದ ಮಾತ್ರವಲ್ಲ, ಈ ಒಂಟಿತನದಿಂದಲೂ ಹೌದು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ಕುಟುಂಬಗಳನ್ನು ರೋಗಿಗಳೊಂದಿಗೆ ಇರಿಸಿಕೊಂಡಾಗ, ಚಿಕಿತ್ಸೆಯ ಜೊತೆಗೆ ಈ ಒಂಟಿತನವೂ ಮುರಿಯಿತು.

ಶರಣರ ಚಿಂತನೆಯಲ್ಲಿ ಕಾಯಕಕ್ಕೆ ಜೊತೆಯಾಗಿ ದಾಸೋಹವಿರುವುದು ಈ ಕಾರಣಕ್ಕೇ ಮುಖ್ಯ. ದಾಸೋಹವೆಂದರೆ ದುಡಿದದ್ದನ್ನು ಸಮುದಾಯಕ್ಕೆ ಸಲ್ಲಿಸುವುದು. ಅದು ಭಿಕ್ಷೆಯಲ್ಲ, ಕೊಡುವವನು ಮೇಲಲ್ಲ, ಪಡೆಯುವವನು ಕೀಳಲ್ಲ. ಕಾಯಕವೊಂದನ್ನೇ ಹಿಡಿದು ದಾಸೋಹವನ್ನು ಬಿಟ್ಟರೆ ದುಡಿಯಲಾರದವರಿಗೆ ಸಮಾಜದಲ್ಲಿ ಸ್ಥಾನವೇ ಉಳಿಯುವುದಿಲ್ಲ. ಇಂದಿನ ಕಾಲದಲ್ಲಿ ದಾಸೋಹದ ಒಂದು ರೂಪ ಕಾನೂನು ಮತ್ತು ಸಾರ್ವಜನಿಕ ಸೇವೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮನೋರೋಗದಿಂದಾಗುವ ಅಸಾಮರ್ಥ್ಯವನ್ನು ಗುರುತಿಸಿದೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದು ಸಾರಿ ಸರಪಳಿಯನ್ನು ನಿಷೇಧಿಸಿದೆ, ಚಿತ್ರದುರ್ಗಕ್ಕೆ ನೆರೆಯ ಬಳ್ಳಾರಿಯಲ್ಲಿ 1985ರಿಂದ 1990ರವರೆಗೆ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ದೊರೆಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಮುಗಿದು ಮನೆಯವರು ಬರಿಗೈಯಲ್ಲಿ ಮರಳಿದ ದಿನ ಮುರಿದದ್ದು ಅವರ ಮನೋಬಲವಲ್ಲ, ಸಮಾಜ ಕೊಟ್ಟ ಮಾತು.

ಹೊಣೆಯನ್ನೆಲ್ಲ ಸಮಾಜಕ್ಕೆ ಕೊಟ್ಟರೆ ದೇವರಿಗೆ ಉಳಿಯುವುದೇನು ಎಂದು ಶ್ರದ್ಧಾವಂತರು ಕೇಳಬಹುದು. ಗದ್ದುಗೆಯ ಮುಂದೆ ನಿಂತ ಕುಟುಂಬ ಬೇಡುವುದು ಪವಾಡವನ್ನಾದರೂ, ಅದು ಅಲ್ಲಿ ನಿಜವಾಗಿ ಪಡೆಯುವುದು ತಾವು ಕೈಬಿಟ್ಟವರಲ್ಲವೆಂಬ ಅರಿವನ್ನು; ಆ ಅರಿವು ಮನೆಗೆ ಹಿಂದಿರುಗಿದ ಮೇಲೂ ನಿಲ್ಲಬೇಕಾದರೆ ನೆರೆಹೊರೆಯೂ ಆಸ್ಪತ್ರೆಯೂ ಮಠವೂ ಅದನ್ನು ದಿನದಿನ ನಿಜಮಾಡಬೇಕು. ಆದ್ದರಿಂದ ಕಾಯಿಲೆಯವರ ಮನೆಗೆ ಹೋಗಿ ಭರವಸೆ ಕಳೆದುಕೊಳ್ಳಬೇಡಿ ಎಂದು ಹೇಳುವ ಅಧಿಕಾರ, ಆ ಭರವಸೆಯ ಒಂದು ಪಾಲನ್ನು ತಾನು ಹೊರಲು ಸಿದ್ಧನಿರುವವನಿಗೆ ಮಾತ್ರ ಇದೆ.