ನೋಡೋದು, ನೋಡ್ಕೊಳ್ಳೋದು

ಹಳೇ ಸಸ್ಪೆನ್ಸ್ ಸಿನಿಮಾ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಹಿಚ್‌ಕಾಕ್‌ನ ‘ಸೈಕೋ’. ಅದು ಬಂದದ್ದು 1960ರಲ್ಲಿ. ಅದಕ್ಕಿಂತ ಸುಮಾರು ಎರಡು ತಿಂಗಳ ಮುಂಚೆ ಇಂಗ್ಲೆಂಡಿನಲ್ಲಿ ಮೈಕೆಲ್ ಪವೆಲ್ ನಿರ್ದೇಶಿಸಿದ ‘ಪೀಪಿಂಗ್ ಟಾಮ್’ ಬಂದಿತ್ತು. ಎರಡರಲ್ಲೂ ಕೊಲೆಗಾರ ಮೆಲುಮಾತಿನ, ಸಂಕೋಚದ ಹುಡುಗ. ‘ಸೈಕೋ’ಗೆ ಜನ ಕ್ಯೂ ನಿಂತರು. ‘ಪೀಪಿಂಗ್ ಟಾಮ್’ ನೋಡಿದ ಬ್ರಿಟಿಷ್ ವಿಮರ್ಶಕರು ಹೇಸಿಗೆ ತುಳಿದವರ ಹಾಗೆ ಬರೆದರು. ‘ದಿ ರೆಡ್ ಶೂಸ್’ನಂಥ ಸಿನಿಮಾ ಮಾಡಿ ಹೆಸರಾಗಿದ್ದ ಪವೆಲ್‌ಗೆ ಆಮೇಲೆ ತನ್ನ ದೇಶದಲ್ಲೇ ಕೆಲಸ ಸಿಗೋದು ಕಷ್ಟವಾಯಿತು. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಮಾರ್ಟಿನ್ ಸ್ಕಾರ್ಸೆಸಿಯಂಥವರು ಅದರ ಬೆನ್ನಿಗೆ ನಿಂತು ಮತ್ತೆ ತೆರೆಗೆ ತಂದರು.

ಅರವತ್ತು ವರ್ಷ ದಾಟಿದ ಸಿನಿಮಾ, ಕಥೆ ಹೇಳಿದರೆ ಪಾಪವಿಲ್ಲ. ಮಾರ್ಕ್ ಒಂದು ಸ್ಟುಡಿಯೋದಲ್ಲಿ ಕ್ಯಾಮೆರಾ ವಿಭಾಗದ ಕೆಲಸಗಾರ. ಹೆಂಗಸರನ್ನು ಕೊಲ್ಲುತ್ತಾನೆ, ಕೊಲ್ಲುವಾಗ ಅವರ ಮುಖದ ಭಯವನ್ನು ಚಿತ್ರೀಕರಿಸುತ್ತಾನೆ, ರಾತ್ರಿ ಕೋಣೆಯಲ್ಲಿ ಒಬ್ಬನೇ ಕೂತು ಅದನ್ನು ನೋಡುತ್ತಾನೆ. ಆಯುಧ ಕ್ಯಾಮೆರಾ ಸ್ಟ್ಯಾಂಡಿನ ಕಾಲಿನಲ್ಲೇ ಇದೆ.

ಈ ಸಿನಿಮಾನ ಕೆಲವು ಗೆಳೆಯರಿಗೆ ತೋರಿಸಿದೆ. ಒಬ್ಬ, “ಕೊಲೆಗಾರ ಯಾರು ಅಂತ ಮೊದಲ ಸೀನಲ್ಲೇ ಗೊತ್ತಾದ್ರೆ ಸಸ್ಪೆನ್ಸ್ ಎಲ್ಲಿ ಬಂತು ಮಾರಾಯಾ?” ಅಂದ. ಇನ್ನೊಬ್ಬಳು, “ರಕ್ತ ಕಾಣಿಸೋದೇ ಇಲ್ಲ, ಆದ್ರೂ ಮೈ ತೊಳ್ಕೋಬೇಕು ಅನ್ಸುತ್ತೆ” ಅಂದಳು. ನನಗೆ ಎರಡನೇ ಮಾತೇ ಹೆಚ್ಚು ಸರಿ ಅನ್ನಿಸಿತು. ಮೊದಲ ಕೊಲೆಯನ್ನು ನಾವು ನೋಡೋದು ಮಾರ್ಕ್‌ನ ಕ್ಯಾಮೆರಾದ ಕಿಂಡಿಯಿಂದ. ‘ಸೈಕೋ’ ಕೊನೆಗೆ ಒಬ್ಬ ಮನೋವೈದ್ಯನನ್ನು ಕರೆಸಿ ಎಲ್ಲ ವಿವರಿಸಿ ನಮ್ಮನ್ನು ಮನೆಗೆ ಕಳಿಸುತ್ತದೆ. ಇದು ಹಾಗೆ ಬಿಡೋದಿಲ್ಲ. ನೀನೂ ನೋಡ್ತಾ ಇದ್ದೆಯಲ್ಲ, ಯಾಕೆ ನೋಡಿದೆ ಅಂತ ಕೇಳುತ್ತದೆ.

ನೋಡೋದು ತಪ್ಪಾ ಹಾಗಾದ್ರೆ?

ಉತ್ತರ ಮಾರ್ಕ್‌ನ ಬಾಲ್ಯದಲ್ಲಿದೆ ಅನ್ಸುತ್ತೆ. ಅವನಪ್ಪ ವಿಜ್ಞಾನಿ, ಭಯದ ಬಗ್ಗೆ ಸಂಶೋಧನೆ ಮಾಡುವವ. ಮಲಗಿದ ಮಗನ ಕಣ್ಣಿಗೆ ಬೆಳಕು ಬಿಟ್ಟು, ಹಾಸಿಗೆ ಮೇಲೆ ಹಲ್ಲಿ ಎಸೆದು, ಹುಡುಗ ಬೆಚ್ಚಿಬೀಳೋದನ್ನ ಚಿತ್ರೀಕರಿಸಿದ. ಸತ್ತ ತಾಯಿಯ ಪಕ್ಕದಲ್ಲಿ ನಿಂತಾಗಲೂ ಮಗುವಿನ ಮೇಲೆ ಕ್ಯಾಮೆರಾ ಇತ್ತು. ಕನ್ನಡದಲ್ಲಿ ‘ನೋಡು’ ಅನ್ನುವುದಕ್ಕೆ ಒಂದು ‘ಕೊಳ್ಳು’ ಸೇರಿಸಿದರೆ ಅರ್ಥವೇ ಬದಲಾಗುತ್ತೆ. “ಸ್ವಲ್ಪ ಮಗೂನ ನೋಡ್ಕೋ” ಅಂದರೆ ಕಣ್ಣಿಟ್ಟರೆ ಸಾಲದು, ಬಿದ್ದರೆ ಎತ್ತಬೇಕು. ಮಾರ್ಕ್‌ನನ್ನು ಅಪ್ಪ ಬಾಲ್ಯವಿಡೀ ನೋಡಿದ, ನೋಡಿಕೊಳ್ಳಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಆ ಅಪ್ಪನ ಪಾತ್ರ ಮಾಡಿದ್ದು ಸ್ವತಃ ಪವೆಲ್, ಹುಡುಗನ ಪಾತ್ರ ಮಾಡಿದ್ದು ಅವನದೇ ಮಗ. ಮಗುವನ್ನು ಕ್ಯಾಮೆರಾಗೆ ಒಡ್ಡುವುದು ಕ್ರೌರ್ಯ ಅಂತ ಹೇಳೋಕೆ ತನ್ನ ಮಗುವನ್ನೇ ಕ್ಯಾಮೆರಾಗೆ ಒಡ್ಡಿದ. ನಟನೆ ಬೇರೆ, ನಿಜ ಬೇರೆ, ಒಪ್ತೀನಿ. ಆದರೂ ತೋರಿಸುವವನು ಪೂರ್ತಿ ಹೊರಗೆ ನಿಂತಿರೋಕೆ ಆಗಲ್ಲ ಅಂತ ಪವೆಲ್‌ಗೆ ಗೊತ್ತಿತ್ತೇನೋ.

ನಾವು ನೋಡುಗರೂ ಹೊರಗಿಲ್ಲ. ರಿಂಗ್ ರೋಡಲ್ಲಿ ಆಕ್ಸಿಡೆಂಟ್ ಆದರೆ ಕೈಗಳು ಮೇಲೇಳುತ್ತವೆ, ಎಲ್ಲದರಲ್ಲೂ ಫೋನು. ಸಂಜೆಗೆ ಆ ವಿಡಿಯೋ ನಮ್ಮ ಗ್ರೂಪಿನಲ್ಲಿ. “ನಾನು ಬೇಜಾರಿಂದ ನೋಡಿದೆ” ಅಂತ ಹೇಳಬಹುದು. ಸರ್ವರ್‌ಗಳ ಜೊತೆ ದಿನಾ ಏಗುವವನಾಗಿ ಹೇಳ್ತೀನಿ: ಬೇಜಾರಿಂದ ನೋಡಿದ್ದೂ ಒಂದು ವ್ಯೂ, ಚಪಲಕ್ಕೆ ನೋಡಿದ್ದೂ ಒಂದು ವ್ಯೂ. ಆ ಲೆಕ್ಕದಲ್ಲಿ ಮನಸ್ಸಿಗೆ ಕಾಲಂ ಇಲ್ಲ.

ಹಾಗಂತ ಕ್ಯಾಮೆರಾ ಇಳಿಸಿಬಿಡಿ ಅನ್ನೋದೂ ಸರಿಯಲ್ಲ. ಯಾರೋ ಧೈರ್ಯ ಮಾಡಿ ವಿಡಿಯೋ ತೆಗೆದಿದ್ದಕ್ಕೇ ಎಷ್ಟೋ ಅನ್ಯಾಯ ಹೊರಗೆ ಬಂದಿವೆ. ವ್ಯತ್ಯಾಸ ಇರೋದು ಆ ನೋಟ ಯಾರಿಗಾಗಿ ಅನ್ನೋದರಲ್ಲಿ. ಬಿದ್ದವನಿಗಾಗಿಯೋ, ನಮ್ಮ ಕುತೂಹಲಕ್ಕಾಗಿಯೋ?

ಸಿನಿಮಾದಲ್ಲಿ ಮಾರ್ಕ್‌ನ ಕೆಳಗಿನ ಮನೆಯಲ್ಲಿ ಕಣ್ಣು ಕಾಣದ ಒಬ್ಬ ಹೆಂಗಸು ಇದ್ದಾಳೆ. ರಾತ್ರಿ ಮೇಲಿನ ಕೋಣೆಯ ಸದ್ದು ಕೇಳಿಯೇ ಏನೋ ಸರಿಯಿಲ್ಲ ಅಂತ ಅವಳಿಗೆ ತಿಳಿಯುತ್ತದೆ. ಅವಳ ಮಗಳು ಹೆಲೆನ್ ಒಂದು ಸಂಜೆ ಮಾರ್ಕ್‌ನನ್ನು ಊಟಕ್ಕೆ ಕರೆದುಕೊಂಡು ಹೋಗುವಾಗ ಕ್ಯಾಮೆರಾನ ಮನೆಯಲ್ಲೇ ಬಿಡಿಸುತ್ತಾಳೆ. ದಾರಿಯಲ್ಲಿ ಅವನ ಕೈ ಇಲ್ಲದ ಕ್ಯಾಮೆರಾಗೆ ತಡಕಾಡುತ್ತದೆ. ಇಡೀ ಸಿನಿಮಾದಲ್ಲಿ ಅವನನ್ನು ನೋಡಿಕೊಳ್ಳೋಕೆ ಹೋದವಳು ಅವಳೊಬ್ಬಳೇ. ಅಷ್ಟರಲ್ಲಿ ತಡವಾಗಿತ್ತು.

ನಮಗೆ ಅಷ್ಟು ತಡವಾಗಿಲ್ಲ. ಕ್ಯಾಮೆರಾ ಇರುವ ಫೋನಿನಲ್ಲೇ 108 ಕೂಡ ಇದೆ. ಯಾವುದನ್ನು ಮೊದಲು ಒತ್ತುತ್ತೀವಿ ಅನ್ನೋದಷ್ಟೇ ಉಳಿದಿರೋದು.