ಹುಲ್ಲಿಲ್ಲದ ಇಟ್ಟಿಗೆ

(ವಿಮೋಚನಕಾಂಡದ 5ನೆಯ ಮತ್ತು 18ನೆಯ ಅಧ್ಯಾಯಗಳನ್ನು ಓದಿರಿ)



ಇಸ್ರಾಯೇಲ್ಯರು ಐಗುಪ್ತದಲ್ಲಿ ಇಟ್ಟಿಗೆ ಮಾಡಿದರೆಂಬದನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಆಳಿನ ಮೇಲೆ ಹೊರೆಯನ್ನು ಹೇಗೆ ಹೊರಿಸಬಾರದೆಂಬ ಪಾಠವು ಅದರಲ್ಲಿ ಉಂಟೆಂಬದನ್ನು ಗಮನಿಸಿದವರು ಕೊಂಚವೇ. ಈ ತಿಂಗಳು ಅದನ್ನು ವಿಚಾರಿಸೋಣ.

ಬಿಸಿಲಿನಲ್ಲಿ ಒಣಗಿಸುವ ಇಟ್ಟಿಗೆಗೆ ಮಣ್ಣಿನೊಂದಿಗೆ ಹುಲ್ಲು ಬೇಕು. ಅದು ಮಣ್ಣನ್ನು ಹಿಡಿದುಕೊಂಡು, ಒಣಗುವಾಗ ಬಿರುಕು ಬಿಡದಂತೆ ಕಾಯುತ್ತದೆ. ಮೊದಲು ಆ ಹುಲ್ಲನ್ನು ಅರಸನ ಕಡೆಯವರೇ ಕೊಡುತ್ತಿದ್ದರು. ಜನರು ದೇವರನ್ನು ಆರಾಧಿಸುವದಕ್ಕೆ ಬಿಡುವು ಕೇಳಿದ ದಿನವೇ ಫರೋಹನು ಹುಲ್ಲನ್ನು ನಿಲ್ಲಿಸಿದನು. ಇಟ್ಟಿಗೆಯ ಲೆಕ್ಕದಲ್ಲಿ ಮಾತ್ರ ಒಂದನ್ನೂ ಬಿಡಲಿಲ್ಲ. ಜನರು ದೇಶದಲ್ಲೆಲ್ಲಾ ಚದರಿ ಕೂಳೆ ಕೂಡಿಸಬೇಕಾಯಿತು. ಲೆಕ್ಕ ತಪ್ಪಿದಾಗ ಅವರಿಗೆ ದೊರೆತ ಹೆಸರು ಮೈಗಳ್ಳರೆಂಬದೇ.

ಇದರಿಂದ ನಾವು ಕಲಿಯತಕ್ಕದ್ದು ಮೂರು ಸಂಗತಿಗಳು.

ಮೊದಲನೆಯದು: ಕೆಲಸ ಕೆಟ್ಟಾಗ ಮೊದಲು ಆಳನ್ನಲ್ಲ, ಅವನಿಗೆ ಕೊಟ್ಟ ಸಲಕರಣೆಯನ್ನೂ ಸಮಯವನ್ನೂ ನೋಡಬೇಕು. ಮೊಂಡು ಕತ್ತಿಯನ್ನು ಕೊಟ್ಟು ಕೊಯ್ಲು ತಡವಾಯಿತೆಂದು ಕೂಗುವ ಒಡೆಯನು ಫರೋಹನಿಗಿಂತ ಎಷ್ಟು ಮೇಲು? ಇಬ್ಬರ ಕೆಲಸಕ್ಕೆ ಒಬ್ಬನನ್ನು ಇಟ್ಟು, ಮೂರನೆಯವನ ಹೊರೆಯನ್ನೂ ಕೂಡಿಸುವವನು ಆಳಿನಿಂದ ಹುಲ್ಲನ್ನು ಕಸಿದುಕೊಂಡವನೇ.

ಎರಡನೆಯದು: ನಡುವೆ ನಿಲ್ಲುವ ಮೇಸ್ತ್ರಿಗಳ ಪಾಡು. ಇಸ್ರಾಯೇಲ್ಯರ ಮೇಲ್ವಿಚಾರಕರೇ ಅಲ್ಲಿ ಪೆಟ್ಟು ತಿಂದರು. ಆದರೂ ಅವರು ಅರಸನ ಮುಂದೆ ಹೋಗಿ, ಹುಲ್ಲಿಲ್ಲ, ತಪ್ಪು ನಮ್ಮ ಜನರದಲ್ಲ ಎಂದು ಹೇಳುವ ಧೈರ್ಯ ಮಾಡಿದರು. ಮೇಲಿನಿಂದ ಬಂದ ಪೆಟ್ಟನ್ನು ಕೆಳಗಿನವರ ಬೆನ್ನಿಗೆ ದಾಟಿಸುವದು ಸುಲಭ; ಕೆಳಗಿನವರ ಸಂಕಟವನ್ನು ಮೇಲಕ್ಕೆ ಮುಟ್ಟಿಸುವದು ಕಷ್ಟ. ಮೇಸ್ತ್ರಿಯ ಯೋಗ್ಯತೆ ಇಲ್ಲಿಯೇ ತಿಳಿಯುವದು.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ಬಿಡುಗಡೆಯ ವಾರ್ತೆಯನ್ನು ಮೋಶೆಯು ತಂದಾಗ, ಕ್ರೂರವಾದ ದುಡಿಮೆಯಿಂದ ಮನಗುಂದಿದ್ದ ಜನರು ಅದಕ್ಕೆ ಕಿವಿಗೊಡಲಾರದೆ ಹೋದರೆಂದು ಮುಂದಿನ ಅಧ್ಯಾಯದಲ್ಲಿದೆ. ಅತಿಯಾದ ಹೊರೆಯು ಬೆನ್ನನ್ನು ಮಾತ್ರವಲ್ಲ, ಕಿವಿಯನ್ನೂ ಮುಚ್ಚುತ್ತದೆ. ಆದದರಿಂದ ಆರಾಧನೆಯಲ್ಲಿ ತೂಕಡಿಸುವವನನ್ನು ಗದರಿಸುವ ಮೊದಲು, ಅವನ ಆರು ದಿನಗಳು ಹೇಗೆ ಕಳೆದವೆಂದು ವಿಚಾರಿಸೋಣ.

ಒಳ್ಳೆಯ ಕೆಲಸವಾದರೆ ಹೊರೆಗೆ ಮಿತಿ ಬೇಡವೋ? ಅದಕ್ಕೆ ಉತ್ತರವನ್ನು ಇತ್ರೋವನಿಂದ ಕೇಳಿರಿ. ಮೋಶೆಯು ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದನು. ಅದು ದೇವರ ಕೆಲಸವೇ. ಆದರೂ ಮಾವನು ಅದು ಸರಿಯಲ್ಲವೆಂದನು. ಹೀಗಾದರೆ ಅಳಿಯನೂ ಬಳಲುವನು, ಕಾದು ನಿಂತ ಜನರೂ ಬಳಲುವರೆಂದು ಎಚ್ಚರಿಸಿದನು. ಸಾವಿರಕ್ಕೂ ನೂರಕ್ಕೂ ಐವತ್ತಕ್ಕೂ ಹತ್ತಕ್ಕೂ ನಂಬಿಗಸ್ತರನ್ನು ನೇಮಿಸಿ, ಕಠಿಣವಾದವುಗಳನ್ನು ಮಾತ್ರ ತಾನು ನೋಡಬೇಕೆಂಬ ಬುದ್ಧಿವಾದವನ್ನು ಮೋಶೆಯು ಅಂಗೀಕರಿಸಿದನು. ಹೊರೆಯನ್ನು ಹಂಚಿದ್ದರಿಂದ ಕೆಲಸ ಕುಂದಲಿಲ್ಲ, ಸಾಗಿತು.

ಲೋಕದ ಲೆಕ್ಕವೂ ಇದಕ್ಕೆ ಸಾಕ್ಷಿ. ಜರ್ಮನಿಯ ಯೇನಾ ಪಟ್ಟಣದ ಜೈಸ್ ಮಸೂರಗಳ ಕಾರ್ಖಾನೆಯಲ್ಲಿ ಎರ್ನ್‌ಸ್ಟ್ ಅಬ್ಬೆ ಎಂಬವನು 1900ರಲ್ಲಿ ದಿನದ ಕೆಲಸವನ್ನು 9 ತಾಸಿನಿಂದ 8 ತಾಸಿಗೆ ಇಳಿಸಿದನು. ಲೆಕ್ಕ ಹಾಕಿದಾಗ ಉತ್ಪತ್ತಿ ತಗ್ಗಿರಲಿಲ್ಲ, ಸ್ವಲ್ಪ ಏರಿತ್ತು. ಯಾಕಂದರೆ ದಣಿದ ಕೈ ತಪ್ಪುತ್ತದೆ, ತಪ್ಪಿದ್ದನ್ನು ಪುನಃ ಮಾಡಬೇಕಾಗುತ್ತದೆ. ನಮ್ಮ ದೇಶದಲ್ಲಿಯೂ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರಯತ್ನದಿಂದ ಮುಂಬಯಿಯ ಗಿರಣಿ ಕೆಲಸಗಾರರಿಗೆ 1890ರಲ್ಲಿ ವಾರಕ್ಕೊಂದು ರಜೆ ದೊರೆಯಿತು. ಕಾರ್ಖಾನೆಯ ಕಾಯಿದೆಯು 1922ರಲ್ಲಿ ವಾರಕ್ಕೆ 60 ತಾಸುಗಳ ಮೇರೆಯನ್ನು ಇಟ್ಟಿತು. 1946ರಲ್ಲಿ ಅದು 48 ತಾಸುಗಳಾಯಿತು. ಆದರೆ ಸಬ್ಬತ್ತಿನ ಆಜ್ಞೆಯು ಇವೆಲ್ಲಕ್ಕೂ ಹಿರಿಯದು. ಅದರಲ್ಲಿ ದಾಸದಾಸಿಯರೂ ಎತ್ತು ಕತ್ತೆಗಳೂ ಸೇರಿರುವರು. ಐಗುಪ್ತದಲ್ಲಿ ತಾವೇ ದಾಸರಾಗಿದ್ದದ್ದನ್ನು ಇಸ್ರಾಯೇಲ್ಯರು ನೆನಸಬೇಕೆಂಬದೇ ಧರ್ಮೋಪದೇಶಕಾಂಡದಲ್ಲಿ ಹೇಳಿದ ಕಾರಣ.

ಹೀಗೆಂದದ್ದರಿಂದ ಮೈಗಳ್ಳತನಕ್ಕೆ ಅಪ್ಪಣೆಯಾಯಿತೆಂದು ಯಾರೂ ತಿಳಿಯಬಾರದು. ಹುಲ್ಲು ಕೈಗೆ ಬಂದ ಮೇಲೆ ಇಟ್ಟಿಗೆ ಗಟ್ಟಿಯಾಗಿರಬೇಕು. ಒಡೆಯನು ನೋಡದಿರುವಾಗಲೂ ಕರ್ತನು ನೋಡುತ್ತಾನೆ.

ಆಳುಗಳನ್ನಿಟ್ಟವರೇ, ನೆರಳು, ನೀರು, ಬಿಡುವು, ಹೊತ್ತು ಮುಳುಗುವ ಮೊದಲು ಕೂಲಿ, ಇವು ನಿಮ್ಮ ದಾನವಲ್ಲ, ಅವರ ಹಕ್ಕು. ಬೆಂಗಳೂರಿನಂಥ ಪಟ್ಟಣಗಳಲ್ಲಿ ಮಕ್ಕಳು ಕೆಲಸದಲ್ಲಿರುವ ತಂದೆತಾಯಿಗಳೇ, ಫೋನಿನ ಮೂಲಕ ಅವರ ಊಟದ ತಟ್ಟೆಯ ವರೆಗೂ ಕೆಲಸವು ಹಿಂಬಾಲಿಸುತ್ತಿರುವದು. ಸಂಬಳವೆಷ್ಟೆಂದು ಕೇಳುವ ಮೊದಲು ನಿದ್ದೆ ಬಂತೋ ಎಂದು ಕೇಳಿರಿ. ಗಂಡಸರೇ, ಆದಿತ್ಯವಾರ ನಿಮಗೆ ವಿಶ್ರಾಂತಿಯಾದರೆ ನಿಮ್ಮ ಮನೆಯ ಒಲೆಯ ಮುಂದಿರುವವಳಿಗೆ ಯಾವ ದಿನ? ಆ ದಿನ ನೀವು ನೀರು ಸೇದಿದರೆ, ಪಾತ್ರೆ ತೊಳೆದರೆ, ಸಬ್ಬತ್ತು ಕೆಡಲಾರದು. ನಿಮ್ಮ ಮನೆಯಲ್ಲಿ ಅದು ಅಂದೇ ಪ್ರಾರಂಭವಾಗುವದು.

ಹೊರೆ ಹೊತ್ತವರನ್ನು ತನ್ನ ಬಳಿಗೆ ಕರೆದ ನಮ್ಮ ಕರ್ತನು ತಾನೇ ಬಡಗಿಯ ಕೆಲಸ ಮಾಡಿದವನು, ದಣಿವೇನೆಂದು ಬಲ್ಲವನು. ಆತನಲ್ಲಿ ವಿಶ್ರಾಂತಿಯನ್ನು ಹುಡುಕುವ ನಾವು ಮತ್ತೊಬ್ಬರ ವಿಶ್ರಾಂತಿಯನ್ನು ಕಸಿದುಕೊಳ್ಳದಂತೆ ಆತನು ನಮ್ಮನ್ನು ಕಾಯಲಿ. ಆಮೆನ್.